ಮಾರಿ ಕಳಿಸುವುದೋ, ಕಳಿಸಿ ಮಾರುವುದೋ? ವಿದೇಶಿ ಗಿರಾಕಿಯನ್ನು ತಲುಪುವ ದಾರಿಗಳ ಹೋಲಿಕೆ

ಚನ್ನಪಟ್ಟಣದ ಬಣ್ಣದ ಗಿಲಕಿಯೊಂದು ಟೆಕ್ಸಾಸಿನ ಮಗುವಿನ ಕೈ ಸೇರಬೇಕೆಂದರೆ ಇಂದು ಕನಿಷ್ಠ ನಾಲ್ಕು ದಾರಿಗಳಿವೆ. ಆದರೆ ಯೂಟ್ಯೂಬಿನಲ್ಲಿ ರಫ್ತು ಕಲಿಸುವವರ ಬಾಯಲ್ಲಿ ಒಂದೇ ದಾರಿ: ಅಮೆಜಾನ್ ಗೋದಾಮಿಗೆ ಕಳಿಸಿಬಿಡಿ, ಮಿಕ್ಕಿದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಆ ‘ಮಿಕ್ಕಿದ್ದು’ ಎಂಬುದರೊಳಗೆ ಏನೇನಿದೆ, ಏನಿಲ್ಲ ಎಂದು ಬಿಡಿಸಿ ನೋಡಿದವರು ಕಡಿಮೆ. ಕರ್ನಾಟಕದಿಂದ ಅಮೆರಿಕಕ್ಕೆ ಮಾಲು ಕಳಿಸುವ ಸಣ್ಣ ತಯಾರಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೇರೆ ದೇಶಗಳ ಮಾತು ನಡುವೆ ಸ್ವಲ್ಪ ಬರುತ್ತದೆ.

ಈ ದಾರಿಗಳನ್ನು ಕಮಿಷನ್ ದರ ಮುಂದಿಟ್ಟುಕೊಂಡು ಹೋಲಿಸುವುದು ರೂಢಿ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ ಸಂಗತಿ. ಮೊದಲ ಪ್ರಶ್ನೆ ಬೇರೆಯೇ ಇದೆ: ಸರಕು ಕಡಲು ದಾಟುವ ಹೊತ್ತಿಗೆ ಅದನ್ನು ಕೊಂಡವರು ಇದ್ದಾರೆಯೇ, ಇಲ್ಲವೇ? ಇದ್ದರೆ ನೀವು ಮಾರಿ ಕಳಿಸುತ್ತಿದ್ದೀರಿ. ಇಲ್ಲದಿದ್ದರೆ ಕಳಿಸಿ ಮಾರುತ್ತಿದ್ದೀರಿ. ಸುಂಕ ಯಾವ ಬೆಲೆಯ ಮೇಲೆ ಬೀಳುತ್ತದೆ, ಮಾರಾಟವಾಗದೆ ಉಳಿದ ಮಾಲು ಎಲ್ಲಿ ಕೊಳೆಯುತ್ತದೆ, ವಾಪಸಾದದ್ದು ಯಾರ ತಲೆಗೆ ಬರುತ್ತದೆ, ಬ್ಯಾಂಕಿನಲ್ಲಿ ಲೆಕ್ಕ ಹೇಗೆ ಮುಗಿಯುತ್ತದೆ ಎಂಬುದೆಲ್ಲ ಈ ಒಂದು ಪ್ರಶ್ನೆಯ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಅಮೆಜಾನ್ ಗೋದಾಮು: ನೀವು ಕೊಳ್ಳುತ್ತಿರುವುದು ಏನು

ಎಫ್‌ಬಿಎ (ಫುಲ್‌ಫಿಲ್‌ಮೆಂಟ್ ಬೈ ಅಮೆಜಾನ್) ಎಂದು ಎಲ್ಲರೂ ಕರೆಯುವ ಈ ಗೋದಾಮು ಸೇವೆ ಅಮೆರಿಕದಲ್ಲಿ 2006ರಲ್ಲಿ ಶುರುವಾಯಿತು. ಭಾರತದ ಮಾರಾಟಗಾರರಿಗೆ ಹೊರದೇಶದ ತಾಣಗಳನ್ನು ತೆರೆದುಕೊಟ್ಟ ಗ್ಲೋಬಲ್ ಸೆಲ್ಲಿಂಗ್ ಕಾರ್ಯಕ್ರಮ ಬಂದದ್ದು 2015ರಲ್ಲಿ. ವ್ಯವಸ್ಥೆ ಸರಳವಾಗಿದೆ. ನಿಮ್ಮ ಮಾಲು ಮೊದಲೇ ಅಮೆರಿಕದ ಗೋದಾಮಿನಲ್ಲಿರುತ್ತದೆ. ಆರ್ಡರ್ ಬಂದಾಗ ಅವರೇ ತೆಗೆದು, ಕಟ್ಟಿ, ಒಂದೆರಡು ದಿನದಲ್ಲಿ ಮನೆಗೆ ಮುಟ್ಟಿಸುತ್ತಾರೆ. ಗಿರಾಕಿಯ ದೂರು, ವಾಪಸು, ಹಣ ಮರಳಿಸುವಿಕೆ ಎಲ್ಲವೂ ಅವರ ಕೈಯಲ್ಲಿ. ನಿಮ್ಮ ವಸ್ತುವಿನ ಪಕ್ಕದಲ್ಲಿ ಬೇಗ ತಲುಪುತ್ತದೆ ಎಂದು ಹೇಳುವ ಪ್ರೈಮ್ ಗುರುತು ಬೀಳುತ್ತದೆ. ಎರಡು ವಾರ ಕಾಯಲು ಒಲ್ಲದ ಅಮೆರಿಕದ ಗಿರಾಕಿಗೆ ಆ ಗುರುತೇ ದೊಡ್ಡದು.

ಇದಕ್ಕೆ ಬೆಲೆಯಿದೆ. ವೃತ್ತಿಪರ ಖಾತೆಗೆ ತಿಂಗಳಿಗೆ 39.99 ಡಾಲರ್. ಬಹುತೇಕ ವರ್ಗಗಳಲ್ಲಿ ಮಾರಾಟ ಬೆಲೆಯ ಶೇ 15ರಷ್ಟು ಕಮಿಷನ್. ಅದರ ಮೇಲೆ ಅಳತೆ ಮತ್ತು ತೂಕಕ್ಕೆ ತಕ್ಕಂತೆ ಪ್ರತಿ ತುಂಡಿಗೂ ರವಾನೆ ಶುಲ್ಕ. ಜಾಗದ ಬಾಡಿಗೆ ಬೇರೆ: ಸಾಮಾನ್ಯ ಗಾತ್ರದ ವಸ್ತುಗಳಿಗೆ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಒಂದು ಘನ ಅಡಿಗೆ ತಿಂಗಳಿಗೆ 0.78 ಡಾಲರ್, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 2.40 ಡಾಲರ್. 180 ದಿನ ದಾಟಿದ ದಾಸ್ತಾನಿಗೆ ಹಳೆಯ ಮಾಲಿನ ಹೆಚ್ಚುವರಿ ಶುಲ್ಕವೂ ಸೇರುತ್ತದೆ. 2024ರಲ್ಲಿ ಇನ್ನೆರಡು ಬಂದವು: ಮಾಲನ್ನು ಹಲವು ಗೋದಾಮುಗಳಿಗೆ ಹಂಚಿ ಇಡುವುದಕ್ಕೆ ಒಂದು, ದಾಸ್ತಾನು ತೀರಾ ಕಡಿಮೆ ಇಟ್ಟರೆ ಇನ್ನೊಂದು. ಹೆಚ್ಚು ಇಟ್ಟರೂ ದಂಡ, ಕಡಿಮೆ ಇಟ್ಟರೂ ದಂಡ. ಗೋದಾಮಿನ ಮಾಲೀಕನಾಗಿ ಅವರ ತರ್ಕ ಸರಿಯೇ ಇರಬಹುದು. ನಮ್ಮ ಕಡೆಯಿಂದ ಹಡಗಿನಲ್ಲಿ ಮಾಲು ಕಳಿಸುವವನಿಗೆ ಈ ಎರಡು ಗೆರೆಗಳ ನಡುವೆ ನಡೆಯುವುದು ಸುಲಭವಲ್ಲ.

ಕಟ್ಟುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮೊದಲ ಬಾರಿ ಕಳಿಸುವವರು ಎಡವುವುದು ಇಲ್ಲೇ. ಪ್ರತಿ ಆಟಿಕೆಗೂ ಅಮೆಜಾನ್ ಕೊಡುವ ಬಾರ್‌ಕೋಡ್ ಚೀಟಿ ಅಂಟಿಸಬೇಕು. ಡಬ್ಬಿಯ ಮೇಲೆ ಮೊದಲೇ ಮುದ್ರಿಸಿದ ಬಾರ್‌ಕೋಡ್ ಇದ್ದರೆ ಚೀಟಿ ಅದನ್ನು ಪೂರ್ತಿ ಮುಚ್ಚಬೇಕು. ಎರಡೂ ಕಾಣಿಸಿದರೆ ಯಂತ್ರ ಯಾವುದನ್ನು ಓದುತ್ತದೆ ಎಂದು ಹೇಳಲಾಗದು. ಪ್ಲಾಸ್ಟಿಕ್ ಚೀಲದ ಬಾಯಿ ಐದು ಇಂಚು ಅಥವಾ ಅದಕ್ಕಿಂತ ಅಗಲವಿದ್ದರೆ ಉಸಿರುಗಟ್ಟುವ ಅಪಾಯದ ಎಚ್ಚರಿಕೆ ಅದರ ಮೇಲೆ ಇರಲೇಬೇಕು. ಹಲವು ತುಂಡುಗಳನ್ನು ತುಂಬಿದ ರಟ್ಟಿನ ಪೆಟ್ಟಿಗೆ 50 ಪೌಂಡ್, ಅಂದರೆ ಸುಮಾರು 22.7 ಕಿಲೋ ಮೀರಬಾರದು. ಬದಿಗಳ ಅಳತೆಗೂ ಮಿತಿಯಿದೆ. ಜೊತೆಗೆ ವಸ್ತುವಿನ ಮೇಲೆ ‘ಮೇಡ್ ಇನ್ ಇಂಡಿಯಾ’ ಎಂದು ಓದಲು ಬರುವಂತೆ ಇರಬೇಕು. ಇದನ್ನು ಕೇಳುವುದು ಅಮೆಜಾನ್ ಅಲ್ಲ, ಅಮೆರಿಕದ ಕಸ್ಟಮ್ಸ್. ಮೊದಲೆಲ್ಲ ಚೀಟಿ ಅಂಟಿಸುವ, ಚೀಲಕ್ಕೆ ಹಾಕುವ ಕೆಲಸವನ್ನು ಶುಲ್ಕ ಪಡೆದು ಗೋದಾಮಿನವರೇ ಮಾಡಿಕೊಡುತ್ತಿದ್ದರು. 2026ರ ಜನವರಿಯಿಂದ ಅಮೆರಿಕದಲ್ಲಿ ಆ ಸೇವೆಯೂ ನಿಂತಿದೆ. ಹಾಗಾಗಿ ಈ ಕೆಲಸವೆಲ್ಲ ಪೆಟ್ಟಿಗೆಗೆ ಟೇಪು ಸುತ್ತುವ ಮೊದಲು ನಿಮ್ಮ ಅಂಗಳದಲ್ಲೇ ಮುಗಿಯಬೇಕು.

ಆಮದುದಾರ ಯಾರು?

ಇದು ತರಬೇತಿಗಳಲ್ಲಿ ಯಾರೂ ಗಟ್ಟಿಯಾಗಿ ಹೇಳದ ಮಾತು: ಅಮೆಜಾನ್ ನಿಮ್ಮ ಮಾಲಿನ ಆಮದುದಾರನಾಗಿ ನಿಲ್ಲುವುದಿಲ್ಲ. ಗೋದಾಮಿನ ವಿಳಾಸ ಪೆಟ್ಟಿಗೆಯ ಮೇಲಿರಬಹುದು, ಆದರೆ ಕಸ್ಟಮ್ಸ್ ಕಾಗದದಲ್ಲಿ ಆಮದುದಾರರ ಜಾಗದಲ್ಲಿ ಬೇರೆ ಹೆಸರು ಬೇಕು. ಸುಂಕ ಕಟ್ಟುವ ಹೊಣೆ, ವಸ್ತು ಆ ದೇಶದ ಸುರಕ್ಷತಾ ಕಾನೂನಿಗೆ ಹೊಂದುತ್ತದೆ ಎಂಬ ಹೊಣೆ ಎರಡೂ ಆ ಹೆಸರಿನದು.

ಅಮೆರಿಕ ಈ ವಿಷಯದಲ್ಲಿ ಉದಾರಿ. ಅಲ್ಲಿ ನೆಲೆಸದ ವಿದೇಶಿ ಸಂಸ್ಥೆಯೂ ಆಮದುದಾರನಾಗಬಹುದು. ಒಬ್ಬ ಕಸ್ಟಮ್ಸ್ ದಲ್ಲಾಳಿಗೆ ಅಧಿಕಾರ ಪತ್ರ ಕೊಡಬೇಕು, ಸುಂಕ ಕಟ್ಟುವುದಕ್ಕೆ ಖಾತರಿಯಾಗಿ ಕಸ್ಟಮ್ಸ್ ಬಾಂಡ್ ಮಾಡಿಸಬೇಕು. ವರ್ಷಪೂರ್ತಿ ನಡೆಯುವ ಬಾಂಡಿನ ಕನಿಷ್ಠ ಮೊತ್ತ 50,000 ಡಾಲರ್. ಗಾಬರಿ ಬೇಡ, ನೀವು ಕಟ್ಟುವುದು ಅಷ್ಟನ್ನಲ್ಲ, ಅದರ ಮೇಲಿನ ವಾರ್ಷಿಕ ಕಂತನ್ನು ಮಾತ್ರ. ಯುರೋಪ್ ಒಕ್ಕೂಟ ಮತ್ತು ಬ್ರಿಟನ್‌ನಲ್ಲಿ ಇಷ್ಟು ಸಲೀಸಿಲ್ಲ. ಅಲ್ಲಿ ನೆಲೆಯಿರುವ ಪ್ರತಿನಿಧಿಯೊಬ್ಬರು ನಿಮ್ಮ ಜೊತೆ ಹೊಣೆ ಹೊರಲು ಒಪ್ಪಬೇಕಾಗುತ್ತದೆ.

ಇಲ್ಲಿಯೇ ‘ಸುಂಕವೂ ಸೇರಿ ಕಿಲೋಗೆ ಇಷ್ಟು ರೂಪಾಯಿ’ ಎನ್ನುವ ಸಾಗಣೆ ಏಜೆಂಟರು ಪ್ರತ್ಯಕ್ಷರಾಗುತ್ತಾರೆ. ಬಾಯಲ್ಲಿ ನೀರೂರಿಸುವ ದರ. ಅವರನ್ನು ಎರಡು ಪ್ರಶ್ನೆ ಕೇಳಿ: ಆಮದುದಾರರ ಹೆಸರು ಯಾರದು, ಘೋಷಿಸುವ ಬೆಲೆ ಎಷ್ಟು. ಎರಡಕ್ಕೂ ಕಾಗದದ ಮೇಲೆ ಉತ್ತರ ಬಾರದಿದ್ದರೆ ಆ ದರ ನಿಮಗಲ್ಲ. ಬೆಲೆ ಇಳಿಸಿ ತೋರಿಸಿದ್ದು ಸಿಕ್ಕಿಬಿದ್ದಾಗ ಏಜೆಂಟರ ಫೋನು ಸ್ವಿಚ್ ಆಫ್ ಆಗಿರುತ್ತದೆ. ಮಾಲು ಮಾತ್ರ ನಿಮ್ಮದೇ.

2025ರ ಆಗಸ್ಟ್ ನಂತರ ಬದಲಾದ ಲೆಕ್ಕ

ಎರಡನೆಯ ದಾರಿ ನೇರವಾಗಿ ಕೊರಿಯರ್‌ನಲ್ಲಿ ಕಳಿಸುವುದು. ಅಮೆಜಾನ್‌ನಲ್ಲೇ ಪಟ್ಟಿ ಮಾಡಿ, ಆರ್ಡರ್ ಬಂದ ಮೇಲೆ ಬೆಂಗಳೂರಿನಿಂದ ನೀವೇ ರವಾನಿಸಬಹುದು. ನಿಮ್ಮದೇ ಜಾಲತಾಣದಲ್ಲಿ ಮಾರಿಯೂ ಕಳಿಸಬಹುದು. ಬಹಳ ವರ್ಷ ಈ ದಾರಿಗೆ ಒಂದು ವರವಿತ್ತು: 800 ಡಾಲರ್ ಒಳಗಿನ ಪಾರ್ಸೆಲ್ ಅಮೆರಿಕಕ್ಕೆ ಸುಂಕವಿಲ್ಲದೆ ಹೋಗುತ್ತಿತ್ತು. ಸಣ್ಣ ಮಾರಾಟಗಾರರ ಇಡೀ ವ್ಯಾಪಾರ ಆ ವಿನಾಯಿತಿಯ ಮೇಲೆ ನಿಂತಿತ್ತು ಎಂದರೂ ನಡೆಯುತ್ತದೆ. 2025ರ ಆಗಸ್ಟ್ 29ರಂದು ಅದು ಎಲ್ಲ ದೇಶಗಳಿಗೂ ರದ್ದಾಯಿತು. ಅದಕ್ಕೆ ಎರಡು ದಿನ ಮೊದಲು ಭಾರತದ ಬಹುತೇಕ ಸರಕಿನ ಮೇಲಿನ ಹೆಚ್ಚುವರಿ ಸುಂಕ ಶೇ 50ಕ್ಕೆ ಏರಿತ್ತು. ಸುಂಕದ ದರ ರಾಜಕೀಯದ ಗಾಳಿಗೆ ತಕ್ಕಂತೆ ಏರಿಳಿಯುವ ಕಾಲವಿದು. ಆದ್ದರಿಂದ ಇಲ್ಲಿ ಓದಿದ ದರವನ್ನು ನಂಬಿ ಬೆಲೆ ಕಟ್ಟಬೇಡಿ. ಕಳಿಸುವ ವಾರ ನಿಮ್ಮ ವಸ್ತುವಿನ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸರಕನ್ನು ವರ್ಗೀಕರಿಸುವ ಸಂಖ್ಯೆ) ಕೊಟ್ಟು ದಲ್ಲಾಳಿಯಿಂದ ಲಿಖಿತವಾಗಿ ದರ ತರಿಸಿಕೊಳ್ಳಿ.

ದರಕ್ಕಿಂತ ಮುಖ್ಯವಾದದ್ದು ಅದು ಬೀಳುವ ಬೆಲೆ. ಮಾರಿ ಕಳಿಸಿದ ಪಾರ್ಸೆಲ್‌ಗೆ ಗಿರಾಕಿ ಕೊಟ್ಟ ಬೆಲೆಯ ಮೇಲೆ ಸುಂಕ ಬೀಳುತ್ತದೆ, ಏಕೆಂದರೆ ಮಾರಾಟ ಆಗಿಹೋಗಿದೆ. ಗೋದಾಮಿಗೆ ಸಗಟಾಗಿ ಕಳಿಸಿದ ಮಾಲಿಗೆ ಇನ್ನೂ ಮಾರಾಟವೇ ಆಗಿರುವುದಿಲ್ಲ. ಅಲ್ಲಿ ತಯಾರಿಕಾ ವೆಚ್ಚ ಮತ್ತು ನ್ಯಾಯವಾದ ಲಾಭ ಕೂಡಿಸಿಯೋ, ಮಾರಾಟ ಬೆಲೆಯಿಂದ ಅಲ್ಲಿನ ಖರ್ಚುಗಳನ್ನು ಕಳೆದೋ ಮೌಲ್ಯ ಕಟ್ಟಬೇಕು. ಯಾವ ವಿಧಾನ, ಯಾವ ದಾಖಲೆ ಎಂಬುದನ್ನು ದಲ್ಲಾಳಿಯ ಜೊತೆ ಮೊದಲೇ ತೀರ್ಮಾನಿಸಿಕೊಳ್ಳಿ. ಕಾನೂನುಬದ್ಧವಾಗಿಯೇ ಆ ಮೌಲ್ಯ ಚಿಲ್ಲರೆ ಬೆಲೆಗಿಂತ ಸಾಕಷ್ಟು ಕೆಳಗಿರುತ್ತದೆ. ಸುಂಕ ಸೊನ್ನೆ ಇದ್ದಾಗ ಈ ವ್ಯತ್ಯಾಸಕ್ಕೆ ಅರ್ಥವಿರಲಿಲ್ಲ. ಈಗ ಲಾಭ–ನಷ್ಟ ನಿಂತಿರುವುದೇ ಅದರ ಮೇಲೆ.

ಒಂದು ಆಟಿಕೆಯನ್ನು ಹಿಡಿದು ಲೆಕ್ಕ ಹಾಕೋಣ. ಡಬ್ಬಿಯ ಅಳತೆ 20, 15, 10 ಸೆಂಟಿಮೀಟರ್. ತೂಕ 400 ಗ್ರಾಂ. ಮಾರುವ ಬೆಲೆ 28 ಡಾಲರ್, ತಯಾರಿಕೆಗೆ ಬೀಳುವುದು 5 ಡಾಲರ್ ಎಂದಿಟ್ಟುಕೊಳ್ಳಿ. ಸುಂಕ ಶೇ 20 ಎಂದು ಊಹಿಸೋಣ.

ಕೊರಿಯರ್‌ನವರು ನೋಡುವುದು ತಕ್ಕಡಿಯನ್ನಷ್ಟೇ ಅಲ್ಲ. ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ. ನಮ್ಮ ಡಬ್ಬಿಗೆ ಅದು 0.6 ಕಿಲೋ. ಅರ್ಧ ಕಿಲೋ ಲೆಕ್ಕದ ಹಂತಗಳಿದ್ದರೆ ಬಿಲ್ಲು ಒಂದು ಕಿಲೋಗೆ ಬರುತ್ತದೆ. 400 ಗ್ರಾಂ ಆಟಿಕೆಗೆ ಒಂದು ಕಿಲೋ ಬಾಡಿಗೆ! ಆ ಬಾಡಿಗೆ 15 ಡಾಲರ್ ಎಂದು ಹಿಡಿದರೆ, ಕಮಿಷನ್ 4.20, ಸಾಗಣೆಯನ್ನು ಬೆಲೆಯಿಂದ ಬೇರ್ಪಡಿಸಿ ತೋರಿಸದಿದ್ದಲ್ಲಿ ಸುಂಕ 5.60. ಎಲ್ಲ ಕಳೆದು ಕೈಗೆ ಉಳಿಯುವುದು 3.20 ಡಾಲರ್. ತಯಾರಿಕಾ ವೆಚ್ಚವೇ ಹುಟ್ಟಲಿಲ್ಲ. ಮೂಗಿಗಿಂತ ಮೂಗುತಿ ಭಾರ.

ಅದೇ ಆಟಿಕೆ ಗೋದಾಮಿನ ದಾರಿಯಲ್ಲಿ ಹೋದರೆ ಕಮಿಷನ್ ಅಷ್ಟೇ, 4.20. ರವಾನೆ ಶುಲ್ಕ 5, ಹಡಗಿನ ಬಾಡಿಗೆ ಮತ್ತು ಗೋದಾಮಿಗೆ ಹಂಚುವ ಖರ್ಚು 3, ಜಾಗದ ಬಾಡಿಗೆ ಅರ್ಧ ಡಾಲರ್, ಜಾಹೀರಾತು 4 ಎಂದು ಹಿಡಿಯಿರಿ. ತಯಾರಿಕೆಯ 5ಕ್ಕೆ ಲಾಭ 1 ಕೂಡಿಸಿದರೆ ಮೌಲ್ಯ 6 ಡಾಲರ್, ಅದರ ಮೇಲೆ ಸುಂಕ 1.20. ಕೈಗೆ ಬರುವುದು 10.10, ತಯಾರಿಕೆ ಕಳೆದರೆ 5.10. ಜಾಹೀರಾತನ್ನು ಸೇರಿಸಿದ್ದು ಬೇಕೆಂದೇ. ಗೋದಾಮಿನಲ್ಲಿ ಮಾಲು ಕೂತಿದ್ದಾಗ ಜಾಹೀರಾತು ಕೊಡದೆ ಸುಮ್ಮನಿರಲು ಧೈರ್ಯ ಬರುವುದಿಲ್ಲ.

ಈ 5.10 ಡಾಲರ್ ಎಲ್ಲವೂ ಮಾರಾಟವಾದರೆ ಸಿಗುವ ಲಾಭ ಎಂಬುದನ್ನು ಮರೆಯಬಾರದು. 500 ಡಬ್ಬಿ ಕಳಿಸಿದಿರಿ ಎನ್ನಿ. ಅವು ಸುಮಾರು 53 ಘನ ಅಡಿ ಜಾಗ ಹಿಡಿಯುತ್ತವೆ. ತಿಂಗಳ ಬಾಡಿಗೆ ಬೇಸಗೆಯಲ್ಲಿ 41 ಡಾಲರ್, ನವೆಂಬರ್‌ನಲ್ಲಿ 127. ಇದು ದೊಡ್ಡ ಮೊತ್ತವಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. 300 ಮಾರಿ 200 ಉಳಿದರೆ, ಆ 200ರ ತಯಾರಿಕೆ, ಹಡಗು, ಸುಂಕ ಎಲ್ಲವೂ ಮಾರಾಟವಾದ 300ರ ಮೇಲೆ ಬೀಳುತ್ತದೆ. ಉಳಿದದ್ದನ್ನು ಊರಿಗೆ ವಾಪಸು ತರಿಸುವ ಮಾತೇ ಇಲ್ಲ, ತರಿಸುವ ಖರ್ಚಿನಲ್ಲಿ ಹೊಸದನ್ನೇ ಮಾಡಬಹುದು. ಬೆಲೆ ಇಳಿಸಿ ಮಾರಬೇಕು, ಇಲ್ಲವೇ ಶುಲ್ಕ ಕೊಟ್ಟು ವಿಲೇವಾರಿ ಮಾಡಿಸಬೇಕು.

ಈಗ ಆಟಿಕೆಯ ಜಾಗದಲ್ಲಿ 150 ಡಾಲರಿನ ಇಳಕಲ್ ರೇಷ್ಮೆ ಸೀರೆಯನ್ನು ಇಡಿ. ಬಟ್ಟೆಗೆ ಕಮಿಷನ್ ಶೇ 17, ಅಂದರೆ 25.50, ಕೊರಿಯರ್ ಅದೇ 15, ಸುಂಕ 30. ಆದರೂ 79.50 ಉಳಿಯುತ್ತದೆ. ಸೀರೆಯ ಅಸಲು 60 ಆದರೆ 19.50 ಲಾಭ, ಅದೂ ಒಂದು ಸೀರೆಯನ್ನೂ ಮುಂಗಡವಾಗಿ ಕಡಲಾಚೆ ಕಳಿಸದೆ. ಸೀರೆ ಮಡಿಸಿದರೆ ಚಪ್ಪಟೆ, ಆದ್ದರಿಂದ ಗಾತ್ರದ ತೂಕದ ಕಾಟವಿಲ್ಲ. ಬಣ್ಣ, ಅಂಚು, ಸೆರಗು ಪ್ರತಿಯೊಂದಕ್ಕೂ ಬೇರೆಯಾದ್ದರಿಂದ ಗೋದಾಮಿನಲ್ಲಿ ಪ್ರತಿ ಸೀರೆಗೂ ಬೇರೆ ಬಾರ್‌ಕೋಡ್, ಬೇರೆ ದಾಸ್ತಾನು ಬೇಕಾಗುತ್ತದೆ. ಕೈಮಗ್ಗದ ಸೀರೆಯನ್ನು ಎಫ್‌ಬಿಎಗೆ ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಅಂಚೆ ಕಚೇರಿ ಮತ್ತು ಕರಕುಶಲದ ಪೇಟೆ

ಮೂರನೆಯ ದಾರಿಯನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. 2022ರಿಂದ ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು, ಅಂದರೆ ಅಂಚೆ ಕಚೇರಿಯೊಳಗಿನ ರಫ್ತು ಕೇಂದ್ರಗಳನ್ನು ನಡೆಸುತ್ತಿದೆ. ರಫ್ತಿನ ಅಂಚೆ ಬಿಲ್ಲನ್ನು ಆನ್‌ಲೈನ್‌ನಲ್ಲೇ ತುಂಬಬಹುದು, ಕಸ್ಟಮ್ಸ್ ಕಚೇರಿಗೆ ಅಲೆಯಬೇಕಿಲ್ಲ. ಎರಡು ಕಿಲೋ ಒಳಗಿನ ಸಣ್ಣ ಪೊಟ್ಟಣಗಳಿಗೆ ಜಾಡು ಹಿಡಿಯಬಹುದಾದ ಅಗ್ಗದ ಸೇವೆಯಿದೆ. ಜಿಲ್ಲಾ ಕೇಂದ್ರದಿಂದ ದೂರವಿರುವ ನೇಕಾರರಿಗೆ, ಕುಶಲಕರ್ಮಿಗಳಿಗೆ ಖಾಸಗಿ ಕೊರಿಯರ್‌ಗಿಂತ ಇದು ಹತ್ತಿರ.

ಇದರ ದೌರ್ಬಲ್ಯವೂ 2025ರಲ್ಲೇ ಕಂಡಿತು. ಸುಂಕ ವಸೂಲಿಯ ವ್ಯವಸ್ಥೆ ಸಿದ್ಧವಿಲ್ಲದ ಕಾರಣ ಆಗಸ್ಟ್ 25ರಿಂದ ಅಮೆರಿಕಕ್ಕೆ ಬಹುತೇಕ ಅಂಚೆ ಪಾರ್ಸೆಲ್‌ಗಳು ನಿಂತವು. ಅಕ್ಟೋಬರ್ 15ರಂದು ಮತ್ತೆ ಶುರುವಾದವು, ಸುಂಕವನ್ನು ಬುಕ್ ಮಾಡುವಾಗಲೇ ಕಟ್ಟುವ ಹೊಸ ಪದ್ಧತಿಯೊಂದಿಗೆ. ಗಿರಾಕಿಯ ಬಾಗಿಲಲ್ಲಿ ಸುಂಕ ಕೇಳುವ ರಗಳೆ ತಪ್ಪಿತು ಎಂಬುದು ಒಳ್ಳೆಯದೇ. ಹಬ್ಬದ ವ್ಯಾಪಾರದ ಏಳು ವಾರ ಹೋಯಿತಲ್ಲ, ಅದು ಮರಳಿ ಬರುವುದಿಲ್ಲ. ಅಂಚೆಯೊಂದನ್ನೇ ನಂಬಿದವರು ಕೊರಿಯರ್ ಖಾತೆಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಈ ದಾರಿಗೆ ಒಪ್ಪುವ ಮಾರುಕಟ್ಟೆ ಕರಕುಶಲ ವಸ್ತುಗಳ ಆನ್‌ಲೈನ್ ಪೇಟೆಯಾದ ಎಟ್ಸಿ. ಒಂದು ವಸ್ತುವನ್ನು ನಾಲ್ಕು ತಿಂಗಳಿಗೆ ಪಟ್ಟಿ ಮಾಡಲು 0.20 ಡಾಲರ್, ಮಾರಾಟವಾದರೆ ಸಾಗಣೆಯೂ ಸೇರಿದ ಮೊತ್ತದ ಶೇ 6.5. ಹಣ ಪಾವತಿಯ ಶುಲ್ಕ ಬೇರೆ. ಕೈಯಲ್ಲಿ ಮಾಡಿದ್ದು ಎಂಬ ಕಾರಣಕ್ಕೇ ಕೊಳ್ಳುವವರು ಅಲ್ಲಿರುವುದರಿಂದ ಎರಡು ವಾರ ಕಾಯಲು ಒಪ್ಪುತ್ತಾರೆ. ಅರಗಿನ ಬಣ್ಣ ಹೇಗೆ ಏರುತ್ತದೆ, ಕಡೆಯುವ ಯಂತ್ರದ ಮೇಲೆ ಹಾಲೆ ಮರ ಹೇಗೆ ತಿರುಗುತ್ತದೆ ಎಂಬ ಫೋಟೊಗಳಿಗೆ ಅಲ್ಲಿ ಬೆಲೆಯಿದೆ. ಅಮೆಜಾನ್‌ನಲ್ಲಿ ಅದೇ ಫೋಟೊ ಹಾಕಿದರೆ ಗಿರಾಕಿ ನೋಡುವುದು ‘ನಾಳೆ ತಲುಪುತ್ತದೆ’ ಎಂಬ ಸಾಲನ್ನು.

ಅಕ್ಕನ ಮಗನ ಗ್ಯಾರೇಜು

ನಾಲ್ಕನೆಯ ದಾರಿ ಅಮೆರಿಕದಲ್ಲಿ ಸ್ವತಂತ್ರ ಗೋದಾಮಿನವರನ್ನು ಹಿಡಿಯುವುದು. ಸಗಟಾಗಿ ಅವರಿಗೆ ಕಳಿಸಿ, ಯಾವ ತಾಣದಲ್ಲಿ ಆರ್ಡರ್ ಬಂದರೂ ಅವರಿಂದ ರವಾನಿಸುವುದು. ಪ್ರೈಮ್ ಗುರುತು ಸಿಗದು, ಆದರೆ ಮಾಲು ಒಂದೇ ಮಾರುಕಟ್ಟೆಯ ಹಿಡಿತದಲ್ಲಿರುವುದಿಲ್ಲ. ಖಾತೆಗೆ ಬೀಗ ಬಿದ್ದ ದಿನ ಇದರ ಬೆಲೆ ಗೊತ್ತಾಗುತ್ತದೆ. ಬೇಸಗೆಯಲ್ಲಿ ಮಾಲನ್ನು ಇಲ್ಲಿಟ್ಟು ಕಂತು ಕಂತಾಗಿ ಅಮೆಜಾನ್‌ಗೆ ಹರಿಸುವವರೂ ಇದ್ದಾರೆ. ಇದು ಜಾಣತನದ ಬಳಕೆ.

ಕನ್ನಡಿಗರಲ್ಲಿ ಇದರ ಮನೆಮಟ್ಟದ ಆವೃತ್ತಿಯೊಂದಿದೆ: ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ಅಕ್ಕನ ಮಗನ ಗ್ಯಾರೇಜಿಗೆ ನಾಲ್ಕು ಪೆಟ್ಟಿಗೆ ಕಳಿಸುವುದು, ‘ಶನಿವಾರ ಹೇಗೂ ಬಿಡುವಿರುತ್ತದಲ್ಲ, ಕಟ್ಟಿ ಹಾಕಪ್ಪ’ ಎನ್ನುವುದು. ಮೊದಲ ಇಪ್ಪತ್ತು ಆರ್ಡರ್‌ವರೆಗೆ ಸಂಬಂಧ ಚೆನ್ನಾಗಿರುತ್ತದೆ. ಅದಕ್ಕಿಂತ ಗಂಭೀರವಾದದ್ದು ವೀಸಾ. ಎಚ್-1ಬಿ ಎಂಬ ಉದ್ಯೋಗ ವೀಸಾದವರು ತಮ್ಮನ್ನು ಕರೆಸಿಕೊಂಡ ಸಂಸ್ಥೆಯನ್ನು ಬಿಟ್ಟು ಬೇರೆಯವರಿಗೆ ಕೆಲಸ ಮಾಡುವಂತಿಲ್ಲ. ನಿಮ್ಮ ಪೆಟ್ಟಿಗೆ ಕಟ್ಟಿಕೊಡುವುದು ಕೆಲಸ ಎಂದು ಎಣಿಕೆಯಾದರೆ ನಿಮ್ಮ ಗಿಲಕಿಯಿಂದ ಅವರ ಬದುಕಿಗೆ ಕುತ್ತು ಬರಬಹುದು. ಪೌರತ್ವವೋ ಗ್ರೀನ್ ಕಾರ್ಡೋ ಇರುವ ನೆಂಟರಾದರೆ ಈ ಅಡ್ಡಿಯಿಲ್ಲ. ಅವರ ಅತ್ಯುತ್ತಮ ಉಪಯೋಗ ವಾಪಸಾದ ಮಾಲು ಪಡೆಯುವ ವಿಳಾಸವಾಗಿ. ಭಾರತದಿಂದ ಸ್ವತಃ ರವಾನಿಸುವ ಮಾರಾಟಗಾರ ಅಮೆರಿಕದೊಳಗಿನ ವಾಪಸು ವಿಳಾಸವನ್ನೋ, ಮೊದಲೇ ಹಣ ಕಟ್ಟಿದ ಅಂಚೆ ಚೀಟಿಯನ್ನೋ ಕೊಡಬೇಕು, ಇಲ್ಲವೇ ವಸ್ತು ಬೇಡವೆಂದು ಹಣ ಮಾತ್ರ ಮರಳಿಸಬೇಕು ಎಂಬುದು ಅಮೆಜಾನ್ ನಿಯಮ.

ಯಾವ ಮಾಲಿಗೆ ಯಾವ ದಾರಿ

ಅಗರಬತ್ತಿ ಎಫ್‌ಬಿಎಗೆ ಹೇಳಿ ಮಾಡಿಸಿದ ವಸ್ತು: ಹಗುರ, ಸಣ್ಣದು, ಮುಗಿದ ಮೇಲೆ ಮತ್ತೆ ಬೇಕು. ತೊಂದರೆಯೆಂದರೆ ಈ ಮಾತು ಎಲ್ಲರಿಗೂ ಗೊತ್ತು. ಬೆಂಗಳೂರು, ಮೈಸೂರಿನ ದೊಡ್ಡ ಬ್ರಾಂಡುಗಳ ಪ್ಯಾಕುಗಳು ಅಲ್ಲಿ ಆಗಲೇ ಅಗ್ಗಕ್ಕೆ ಕೂತಿವೆ. ಪರಿಮಳದಲ್ಲಿ ನಿಮ್ಮದು ಏನಾದರೂ ಬೇರೆಯಿದ್ದರೆ ಮಾತ್ರ ಇಳಿಯಿರಿ.

ಕಾಫಿಪುಡಿಯ ಆಸೆ ಕೊಡಗು, ಚಿಕ್ಕಮಗಳೂರಿನ ಬಹಳಷ್ಟು ಬೆಳೆಗಾರರಿಗಿದೆ. ಆಹಾರ ಪದಾರ್ಥವಾದ್ದರಿಂದ ನಿಮ್ಮ ಘಟಕ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಲ್ಲಿ ನೋಂದಣಿಯಾಗಬೇಕು, ಅಲ್ಲೊಬ್ಬ ಏಜೆಂಟ್ ಬೇಕು, ಪ್ರತಿ ಸರಕಿಗೂ ಮುಂಚಿತ ಸೂಚನೆ ಕೊಡಬೇಕು, ಸರಬರಾಜುದಾರರನ್ನು ಪರಿಶೀಲಿಸಿದ್ದೇನೆ ಎಂದು ದಾಖಲೆ ಇಡುವ ಆಮದುದಾರ ಅಮೆರಿಕದಲ್ಲೇ ಇರಬೇಕು. ಹುರಿದ ಪುಡಿಯ ಘಮ ಹಡಗಿನಲ್ಲಿ ಕಾಯುವುದೂ ಇಲ್ಲ. ಸಣ್ಣ ಬೆಳೆಗಾರರಿಗೆ ಅಲ್ಲಿನ ಹುರಿಯುವ ಘಟಕಗಳಿಗೆ ಹಸಿ ಬೀಜ ಮಾರುವುದೇ ಮೇಲು. ಅದು ಬೇರೆಯೇ ವ್ಯಾಪಾರ. ಹಿತ್ತಾಳೆ ದೀಪಗಳ ವಿಷಯದಲ್ಲಿ ತೂಕವೇ ಉತ್ತರ: ಹಡಗು, ಗೋದಾಮು, ಇಲ್ಲವೇ ಬೇಡ.

ಇನ್ನು ಆಟಿಕೆ. ಲೆಕ್ಕ ಎಫ್‌ಬಿಎ ಕಡೆ ವಾಲುತ್ತದೆ ಎಂದು ಮೇಲೆ ನೋಡಿದೆವು. ಆದರೆ 12 ವರ್ಷ ಅಥವಾ ಅದಕ್ಕಿಂತ ಕಿರಿಯ ಮಕ್ಕಳ ವಸ್ತುವಿಗೆ ಅಮೆರಿಕದಲ್ಲಿ ಮಕ್ಕಳ ಉತ್ಪನ್ನ ಪ್ರಮಾಣಪತ್ರ ಕಡ್ಡಾಯ. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಒಪ್ಪಿದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಬೇಕು. ಅಂಥವು ಭಾರತದಲ್ಲೂ ಇವೆ. ಮೇಲ್ಮೈಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ, ಒಳಗಿನ ವಸ್ತುವಿನಲ್ಲಿ 100 ಭಾಗ ಮೀರಬಾರದು. ಮೂರು ವರ್ಷದೊಳಗಿನವರ ಆಟಿಕೆಯಿಂದ ಬಾಯಿಗೆ ಹೋಗುವಂಥ ತುಂಡು ಕಳಚಬಾರದು. ಯಾವ ಬ್ಯಾಚಿನದು ಎಂದು ಗುರುತಿಸುವ ಅಳಿಸಲಾಗದ ಮುದ್ರೆ ಆಟಿಕೆಯ ಮೇಲೂ ಪೆಟ್ಟಿಗೆಯ ಮೇಲೂ ಇರಬೇಕು. ಬರೀ ಮರಕ್ಕೆ ಸೀಸದ ಪರೀಕ್ಷೆಯಿಂದ ವಿನಾಯಿತಿಯಿದೆ, ಅದರ ಮೇಲಿನ ಅರಗಿನ ಲೇಪಕ್ಕಿಲ್ಲ. ‘ನಮ್ಮದು ಸಸ್ಯಜನ್ಯ ಬಣ್ಣ, ಇನ್ನೂರು ವರ್ಷದ ಪರಂಪರೆ’ ಎಂಬ ಮಾತು ನಿಜವಿರಬಹುದು, ಪ್ರಯೋಗಾಲಯದ ವರದಿಯ ಜಾಗದಲ್ಲಿ ಅದು ನಡೆಯುವುದಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅಷ್ಟೇ: ಅದು ಮೂಲವನ್ನು ಹೇಳುತ್ತದೆ, ಸುರಕ್ಷತೆಯನ್ನಲ್ಲ.

ಪರೀಕ್ಷೆಯ ಖರ್ಚು ಬಣ್ಣ ಮತ್ತು ವಸ್ತುಗಳ ಸಂಖ್ಯೆಗೆ ತಕ್ಕಂತೆ ಏರುತ್ತದೆ. ಆದ್ದರಿಂದ ನಲವತ್ತು ವಿನ್ಯಾಸಗಳ ಕ್ಯಾಟಲಾಗ್ ಹಿಡಿದು ಹೊರಡಬೇಡಿ. ಎಲ್ಲಕ್ಕೂ ಅವೇ ಐದು ಬಣ್ಣ ಬಳಸಿದ ಮೂರು ವಿನ್ಯಾಸ ಸಾಕು. ಅಲಂಕಾರದ ಗೊಂಬೆಯೆಂದು ಬರೆದು ಪರೀಕ್ಷೆ ತಪ್ಪಿಸಿಕೊಳ್ಳಬಹುದಲ್ಲ ಎನ್ನುವವರಿಗೆ: ಗಿಲಕಿಯನ್ನು ಅಲಂಕಾರ ಎಂದರೆ ಯಾರೂ ನಂಬುವುದಿಲ್ಲ.

ಬೇರೆ ದೇಶಗಳು, ಚುಟುಕಾಗಿ

ದುಬೈಗೆ ದಾರಿ ಹತ್ತಿರ, ಕನ್ನಡಿಗರೂ ಇದ್ದಾರೆ. 2022ರ ಮೇ 1ರಿಂದ ಭಾರತದೊಂದಿಗಿನ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ, ಮೂಲ ಪ್ರಮಾಣಪತ್ರ ಇದ್ದರೆ ಬಹಳಷ್ಟು ಸರಕಿಗೆ ಸುಂಕ ಕಡಿಮೆ ಅಥವಾ ಇಲ್ಲ. ವ್ಯಾಟ್ ಶೇ 5. ಮಾರುಕಟ್ಟೆ ಸಣ್ಣದು, ಕಲಿಯಲು ಒಳ್ಳೆಯದು. ಬ್ರಿಟನ್‌ನಲ್ಲಿ ಗೋದಾಮಿನಲ್ಲಿ ಮಾಲು ಇಟ್ಟರೆ ವ್ಯಾಟ್ ನೋಂದಣಿ ಮಾಡಿಸಲೇಬೇಕು, ಕನಿಷ್ಠ ವಹಿವಾಟಿನ ಮಿತಿ ವಿದೇಶಿಯರಿಗೆ ಅನ್ವಯಿಸದು. ಯುರೋಪ್ ಒಕ್ಕೂಟದಲ್ಲಿ ಮಾಲು ಇಟ್ಟ ಪ್ರತಿ ದೇಶದಲ್ಲೂ ವ್ಯಾಟ್ ನೋಂದಣಿ, ಮೇಲೆ 2024ರ ಡಿಸೆಂಬರ್ 13ರಿಂದ ವಸ್ತುವಿನ ಸುರಕ್ಷತೆಗೆ ಉತ್ತರ ಹೇಳುವ, ಒಕ್ಕೂಟದೊಳಗೇ ಇರುವ ಹೊಣೆಗಾರ ವ್ಯಕ್ತಿಯ ಹೆಸರು, ವಿಳಾಸವೂ ಬೇಕು. ಮೊದಲ ವರ್ಷ ಅತ್ತ ತಲೆ ಹಾಕಬೇಡಿ.

ಎಫ್‌ಬಿಎ ಎಕ್ಸ್‌ಪೋರ್ಟ್ ಎಂಬ ಹೆಸರು ಕೇಳಿ ಅದೇ ನಮ್ಮ ರಫ್ತಿನ ಯೋಜನೆ ಎಂದುಕೊಳ್ಳುವವರಿದ್ದಾರೆ. ಅಮೆರಿಕದ ಗೋದಾಮಿನಲ್ಲಿರುವ ಮಾಲನ್ನು ಅಮೆಜಾನ್ ಇತರ ದೇಶಗಳ ಗಿರಾಕಿಗೆ ಕಳಿಸುವುದಕ್ಕೆ ಆ ಹೆಸರು. ಬಂದರೆ ಬೋನಸ್, ಅದನ್ನು ನಂಬಿ ದಾಸ್ತಾನು ಹೆಚ್ಚಿಸಬಾರದು.

ಈ ಕಡೆಯ ಕಾಗದ

ಯಾವ ದಾರಿ ಹಿಡಿದರೂ ಕೆಲವು ಕಾಗದಗಳು ಒಂದೇ. ಐಇಸಿ, ಅಂದರೆ ಆಮದು–ರಫ್ತು ಸಂಕೇತ. 500 ರೂಪಾಯಿ ಶುಲ್ಕ, ಸಂಖ್ಯೆ ನಿಮ್ಮ ಪ್ಯಾನ್‌ನದ್ದೇ. ಪ್ರತಿ ವರ್ಷ ಏಪ್ರಿಲ್–ಜೂನ್ ನಡುವೆ ಅದನ್ನು ತಾಜಾಗೊಳಿಸಬೇಕು. ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ, ಇದು ಪ್ರತಿ ಹಣಕಾಸು ವರ್ಷಕ್ಕೆ ಹೊಸದು. ಬ್ಯಾಂಕಿನಿಂದ ಎಡಿ ಕೋಡ್, ಅಂದರೆ ವಿದೇಶಿ ವಿನಿಮಯ ನೋಡಿಕೊಳ್ಳುವ ಶಾಖೆಯ ಗುರುತು ಸಂಖ್ಯೆ. ಕೊರಿಯರ್‌ನಲ್ಲಿ ವಾಣಿಜ್ಯ ಸರಕು ಹೋಗುವುದು ಸಿಎಸ್‌ಬಿ-5 ಎಂಬ ಶಿಪ್ಪಿಂಗ್ ಬಿಲ್ಲಿನ ಮೇಲೆ. ‘ಉಡುಗೊರೆ’ ಎಂದೋ ‘ಸ್ಯಾಂಪಲ್’ ಎಂದೋ ಬರೆದು ಕಳಿಸಿದರೆ ರಫ್ತಿನ ಪುರಾವೆಯೇ ಉಳಿಯುವುದಿಲ್ಲ.

ವ್ಯತ್ಯಾಸ ಕಾಣುವುದು ಬ್ಯಾಂಕಿನಲ್ಲಿ. ಮಾರಿ ಕಳಿಸಿದ ಸೀರೆಗೆ ಒಂದು ಬಿಲ್ಲು, ಒಂದು ಜಮೆ, ಹೊಂದಿಸುವುದು ಸುಲಭ. ಗೋದಾಮಿಗೆ ಕಳಿಸಿದ 500 ಆಟಿಕೆಗೆ ಶಿಪ್ಪಿಂಗ್ ಬಿಲ್ಲು ಒಂದೇ. ಹಣ ಬರುವುದು ಎರಡು ವಾರಕ್ಕೊಮ್ಮೆ, ಕಮಿಷನ್, ಬಾಡಿಗೆ, ಜಾಹೀರಾತು, ವಾಪಸು ಎಲ್ಲ ಕಳೆದು, ಹಲವು ತಿಂಗಳ ಕಾಲ. ರಫ್ತಿನ ಹಣ ತರಲು ಇದ್ದ ಒಂಬತ್ತು ತಿಂಗಳ ಗಡುವನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ 15 ತಿಂಗಳಿಗೆ ವಿಸ್ತರಿಸಿದೆ. ಕಳಿಸಿ ಮಾರುವವರಿಗೆ ಇದು ನಿಜವಾದ ಉಸಿರು. ಆದರೂ ಪ್ರತಿ ಪಾವತಿಯ ವರದಿಯನ್ನು ಅಂದೇ ಇಳಿಸಿಟ್ಟು, ಯಾವ ಬಿಲ್ಲಿನ ಯಾವ ಮಾಲು ಎಂದು ಬರೆದಿಡುವ ಅಭ್ಯಾಸ ಮೊದಲ ದಿನದಿಂದಲೇ ಬೇಕು. ವಿದೇಶಿ ವಿನಿಮಯದ ಮೇಜಿನ ಅನುಭವವಿಲ್ಲದ ಶಾಖೆಯಾದರೆ ಅಲ್ಲಿನ ಅಧಿಕಾರಿಗೆ ಎಫ್‌ಬಿಎ ಎಂದರೇನೆಂದು ನೀವೇ ವಿವರಿಸಬೇಕಾಗುತ್ತದೆ. ಖಾತೆ ತೆರೆಯುವ ಮೊದಲೇ ರಫ್ತು ನೋಡಿಕೊಳ್ಳುವ ಶಾಖೆ ಯಾವುದೆಂದು ವಿಚಾರಿಸಿ.

ಮೊದಲ ಸರಕು ಎಷ್ಟಿರಬೇಕು

ಮೂರು ವಿನ್ಯಾಸ, ಪ್ರತಿಯೊಂದೂ ನಲವತ್ತೈವತ್ತು. ವಿಮಾನದಲ್ಲಿ ಕಳಿಸಿ, ದುಬಾರಿಯಾದರೂ ಸರಿ. ಈ ಸರಕಿನಲ್ಲಿ ಲಾಭ ನಿರೀಕ್ಷಿಸಬೇಡಿ. ಯಾವುದು ಓಡುತ್ತದೆ, ವಾಪಸು ಎಷ್ಟು, ಡಬ್ಬಿ ಒಡೆಯುತ್ತದೆಯೇ, ದಲ್ಲಾಳಿ ಹೇಳಿದ ಸುಂಕ ಬಿಲ್ಲಿನಲ್ಲೂ ಅಷ್ಟೇ ಬಂತೇ ಎಂಬುದನ್ನು ತಿಳಿಯಲು ಕೊಡುವ ಶುಲ್ಕ ಅದು. ಫೆಬ್ರುವರಿ–ಮಾರ್ಚ್‌ನಲ್ಲಿ ಕಳಿಸಿದರೆ ಬೇಸಗೆಯೊಳಗೆ ಉತ್ತರ ಸಿಗುತ್ತದೆ. ಓಡಿದ ವಿನ್ಯಾಸವನ್ನು ಮಾತ್ರ ಜುಲೈ ಹೊತ್ತಿಗೆ ಹಡಗಿಗೆ ಹತ್ತಿಸಿ. ಬಂದರು, ಕಸ್ಟಮ್ಸ್, ಒಳನಾಡಿನ ಲಾರಿ, ಗೋದಾಮಿನಲ್ಲಿ ಪಡೆದುಕೊಳ್ಳುವ ಸರದಿ ಎಲ್ಲ ಸೇರಿ ಎರಡು ತಿಂಗಳಿಗಿಂತ ಕಡಿಮೆ ಎಣಿಸಬೇಡಿ. ಕ್ರಿಸ್‌ಮಸ್ ಮಾಲು ಅಕ್ಟೋಬರ್ ಮೊದಲ ವಾರಕ್ಕೆ ಒಳಗಿರಬೇಕು. ಜನವರಿ ಹತ್ತರ ಹೊತ್ತಿಗೂ ಉಳಿದದ್ದಕ್ಕೆ ಬೆಲೆ ಇಳಿಸಲು ಶುರುಮಾಡಿ, 181ನೆಯ ದಿನಕ್ಕೆ ಕಾಯಬೇಡಿ.